ನಿನ್ನೆಯ ಶಿಲ್ಕು ಮರೆಯುವ ಸ್ಕ್ರಿಪ್ಟ್: ಟ್ರೇಲಿಂಗ್ ಸ್ಟಾಪ್ ಸರಿಯಾಗಿ ಬರೆಯುವುದು ಹೇಗೆ?

ಬಾಗಲಕೋಟೆ ನವನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಮೊನ್ನೆ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಶೇರು ಚಾರ್ಟ್‌ಗಳ ಸಾಫ್ಟ್‌ವೇರ್ ಅಮಿಬ್ರೋಕರ್‌ನಲ್ಲಿ ಟ್ರೇಲಿಂಗ್ ಸ್ಟಾಪ್ ಬರೆದಿದ್ದ. ಅಂದರೆ ಬೆಲೆ ಏರಿದಂತೆ ತಾನೂ ಏರುವ, ಬೆಲೆ ಇಳಿದಾಗ ಮಾತ್ರ ಇಳಿಯದ ಮಾರಾಟದ ಗಡಿ. ‘ಎರರ್ ಏನೂ ತೋರ್ಸವಲ್ದು ದೋಸ್ತ. ಆದ್ರ ಸ್ಟಾಪ್ ಹಿಟ್ ಆಗವಲ್ದು’ ಅಂದ.

ಅವನ ನಿಯಮ ಸರಳ. ಕ್ಲೋಸ್ (ದಿನದ ಕೊನೆಯ ಬೆಲೆ) ಹಿಂದಿನ 20 ದಿನಗಳ ಗರಿಷ್ಠ ಕ್ಲೋಸ್ ದಾಟಿದರೆ ಖರೀದಿ. ಖರೀದಿ ಆದಮೇಲೆ ಬಂದ ಅತಿ ಹೆಚ್ಚಿನ ಕ್ಲೋಸ್‌ಗಿಂತ ಶೇ 5ಕ್ಕೂ ಜಾಸ್ತಿ ಇಳಿದರೆ ಮಾರಾಟ.

ತಪ್ಪು ಎಲ್ಲಿತ್ತು ಅಂದರೆ, ಅವನ ಸ್ಟಾಪ್ ಸಾಲು ತನ್ನನ್ನೇ ಕೇಳುತ್ತಿತ್ತು. ಇಂದಿನ ಸ್ಟಾಪ್ ಬೇಕಾದರೆ ನಿನ್ನೆಯ ಸ್ಟಾಪ್ ಬೇಕು. ಅಂಗಡಿಯ ಖಾತೆ ಪುಸ್ತಕ ನಡೆಯುವುದೂ ಹೀಗೆಯೇ ಅಲ್ವಾ? ನಿನ್ನೆಯ ಶಿಲ್ಕು ಹಿಡಿದು ಇಂದಿನ ಜಮಾ-ಖರ್ಚು ಬರೆಯುತ್ತೇವೆ. ಆದರೆ ಅಮಿಬ್ರೋಕರ್‌ನ ಎಎಫ್‌ಎಲ್ ಭಾಷೆ ದಿನಕ್ಕೊಂದು ಸಾಲು ಬರೆಯುವ ಲೆಕ್ಕಿಗನಲ್ಲ. ಅದು ಇಡೀ ಅರೇಯನ್ನು, ಅಂದರೆ ಎಲ್ಲ ದಿನಗಳ ಬೆಲೆಗಳ ಸಾಲನ್ನು, ಒಂದೇ ಏಟಿಗೆ ಲೆಕ್ಕ ಹಾಕುತ್ತದೆ. ಅದಕ್ಕೇ ಅದು ಅಷ್ಟು ವೇಗ.

ಈಗ ‘ಸ್ಟಾಪ್ = ಮ್ಯಾಕ್ಸ್(ರೆಫ್(ಸ್ಟಾಪ್, -1), ಕ್ಲೋಸ್ × 0.95)’ ಅಂತ ಬರೆದರೆ ಏನಾಗುತ್ತದೆ? (ರೆಫ್ ಜೊತೆ -1 ಅಂದರೆ ನಿನ್ನೆಯದು, ಮ್ಯಾಕ್ಸ್ ಅಂದರೆ ಎರಡರಲ್ಲಿ ದೊಡ್ಡದು.) ಸಮ ಚಿಹ್ನೆಯ ಬಲಗಡೆಯದು ಪೂರ್ತಿ ಲೆಕ್ಕವಾದ ಮೇಲೆಯೇ ಎಡಗಡೆಗೆ ಹೋಗುತ್ತದೆ. ಬಲಗಡೆ ಓದುವಾಗ ಸ್ಟಾಪ್ ಇನ್ನೂ ಹುಟ್ಟೇ ಇಲ್ಲ. ಎಎಫ್‌ಎಲ್ ಸುಮ್ನೆ ಬಿಡುವುದಿಲ್ಲ, ಮೌಲ್ಯ ಕೊಡದ ವೇರಿಯಬಲ್ ಅಂತ ಎರರ್ ಕೊಡುತ್ತದೆ. ಆಗ ಎಲ್ಲರೂ ಮಾಡುವುದನ್ನೇ ಗೆಳೆಯನೂ ಮಾಡಿದ್ದ. ಮೇಲೊಂದು ಸಾಲು ಸೇರಿಸಿ ‘ಸ್ಟಾಪ್ = 0’ ಅಂದ. ಎರರ್ ಹೋಯಿತು, ತಪ್ಪು ಉಳಿಯಿತು. ಈಗ ರೆಫ್ ಓದುವುದು ಆ ಹಳೆಯ ಸೊನ್ನೆಗಳನ್ನು. ಸೊನ್ನೆಗಿಂತ ಕ್ಲೋಸ್‌ನ ಶೇ 95 ಯಾವಾಗಲೂ ದೊಡ್ಡದು. ಹಾಗಾಗಿ ಸ್ಟಾಪ್ ಬೆಲೆಯ ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ.

ಅಂಕಿ ಇಟ್ಟು ನೋಡಿ. 100ಕ್ಕೆ ಖರೀದಿ, ಆಮೇಲಿನ ಕ್ಲೋಸ್‌ಗಳು 104, 110, 107, 104. ಸರಿಯಾದ ಸ್ಟಾಪ್ 95, 98.8, 104.5 ಅಂತ ಏರಿ, ಬೆಲೆ 107ಕ್ಕೆ ಇಳಿದಾಗಲೂ 104.5ರಲ್ಲೇ ನಿಲ್ಲಬೇಕು. 104 ಬಂದ ದಿನ ಮಾರಾಟ. ಗೆಳೆಯನ ಸ್ಟಾಪ್ ಮಾತ್ರ 107ರ ದಿನ 101.65ಕ್ಕೆ ಜಾರಿತ್ತು. ಮರುದಿನದ 104 ಅದಕ್ಕೆ ತಾಕಲೇ ಇಲ್ಲ. ಒಂದೇ ದಿನದಲ್ಲಿ ಶೇ 5ಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಮಾರುತ್ತದೆ. ಎರರ್ ಕೊಡುವ ಸ್ಕ್ರಿಪ್ಟ್‌ಗಿಂತ ನನಗೆ ಇಂಥದ್ದರ ಭಯವೇ ಜಾಸ್ತಿ.

ಇನ್ನು ಸರಿಪಡಿಸುವ ಕೆಲಸ.

ಮೊದಲು, ಲೂಪ್ (ಒಂದೊಂದೇ ದಿನ ಹಿಡಿದು ಲೆಕ್ಕ ಹಾಕುವುದು) ನಿಜವಾಗಿ ಬೇಕಾ ನೋಡಿ. ಖರೀದಿ ಷರತ್ತು, ಮಾರಾಟದ ಷರತ್ತು ಎರಡೂ ಬೆಲೆಯಿಂದಲೇ ಗೊತ್ತಾಗುವಂತಿದ್ದರೆ ಬೇಡ. 20 ದಿನದ ಸರಾಸರಿ 50 ದಿನದ್ದನ್ನು ದಾಟುವ ನಿಯಮ ಅಂಥದ್ದು. ಮತ್ತೆ ಮತ್ತೆ ಬರುವ ಸಿಗ್ನಲ್ ತೆಗೆಯಲು ಎಕ್ಸ್‌ರೆಮ್, ಈಗ ಕೈಯಲ್ಲಿ ಮಾಲಿದೆಯೋ ಇಲ್ಲವೋ ತಿಳಿಯಲು ಫ್ಲಿಪ್, ಈ ಎರಡು ಫಂಕ್ಷನ್ ಸಾಕು. ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ನಿಯಮದ ಪರೀಕ್ಷೆ) ಒಂದೇ ಸಾಕು ಅನ್ನುವವರಿಗೆ ಅಪ್ಲೈಸ್ಟಾಪ್ ಅನ್ನುವ ಸಿದ್ಧ ಫಂಕ್ಷನ್ ಕೂಡ ಇದೆ. ಆದರೆ ಗೆಳೆಯನ ನಿಯಮದಲ್ಲಿ ಎಕ್ಸ್‌ರೆಮ್‌ಗೆ ಮಾರಾಟ ಬೇಕು, ಮಾರಾಟಕ್ಕೆ ಸ್ಟಾಪ್ ಬೇಕು, ಸ್ಟಾಪ್‌ಗೆ ಖರೀದಿ ಎಂದಾಯಿತು ಅಂತ ಬೇಕು. ಸುತ್ತಿ ಸುತ್ತಿ ಅಲ್ಲಿಗೇ. ಇಲ್ಲಿ ಲೂಪ್ ಬೇಕೇ ಬೇಕು.

ಲೂಪ್‌ಗೆ ಮುಂಚೆ ಖರೀದಿ ಷರತ್ತನ್ನು ಎಂದಿನಂತೆ ಅರೇಯಲ್ಲೇ ಲೆಕ್ಕ ಹಾಕಿಡಿ. ಖರೀದಿ-ಮಾರಾಟದ ಸಿಗ್ನಲ್ ಇಡುವ ಬೈ, ಸೆಲ್ ಎರಡಕ್ಕೂ 0 ಕೊಡಿ. ಶಿಲ್ಕಿನಂತೆ ದಿನದಿಂದ ದಿನಕ್ಕೆ ಹೊತ್ತೊಯ್ಯಲು ಎರಡು ಒಂಟಿ ಅಂಕಿ ಬೇಕು: ‘ಕೈಯಲ್ಲಿ’ ಮತ್ತು ‘ಸ್ಟಾಪ್’. ಎರಡೂ 0ಯಿಂದ ಶುರು. ಆಮೇಲೆ ಲೂಪ್. ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ (ಬಾರ್ ಅಂದರೆ ಇಲ್ಲಿ ಒಂದು ದಿನ, ಬಾರ್‌ಕೌಂಟ್ ಅಂದರೆ ಒಟ್ಟು ಬಾರ್‌ಗಳು, [ಐ] ಅಂದರೆ ಆ ಸಂಖ್ಯೆಯ ಬಾರ್‌ನದು):

ಐ = 20ರಿಂದ ಬಾರ್‌ಕೌಂಟ್ − 1ರವರೆಗೆ, ಒಂದೊಂದೇ ಬಾರ್:
ಕೈಯಲ್ಲಿ 1 ಇದ್ದು ಕ್ಲೋಸ್[ಐ] < ಸ್ಟಾಪ್ ಆದರೆ: ಸೆಲ್[ಐ] = 1, ಕೈಯಲ್ಲಿ = 0
ಅದಲ್ಲದೆ ಕೈಯಲ್ಲಿ 1 ಇದ್ದರೆ: ಸ್ಟಾಪ್ = ಹಳೆಯ ಸ್ಟಾಪ್, ಕ್ಲೋಸ್[ಐ] × 0.95, ಇವೆರಡರಲ್ಲಿ ದೊಡ್ಡದು
ಅದೂ ಅಲ್ಲದೆ ಖರೀದಿ ಷರತ್ತು[ಐ] ನಿಜವಾದರೆ: ಬೈ[ಐ] = 1, ಕೈಯಲ್ಲಿ = 1, ಸ್ಟಾಪ್ = ಕ್ಲೋಸ್[ಐ] × 0.95

20ರಿಂದ ಯಾಕೆ? ಬಾರ್‌ಗಳ ಎಣಿಕೆ 0ಯಿಂದ ಶುರು. ನಿನ್ನೆಯವರೆಗಿನ 20 ದಿನಗಳ ಗರಿಷ್ಠ ಮೊದಲು ಸಿಗುವುದು 20ನೇ ಸಂಖ್ಯೆಯ ಬಾರ್‌ನಲ್ಲಿ. ಅದಕ್ಕೂ ಹಿಂದೆ ಪೂರ್ತಿ 20 ದಿನ ಇರುವುದಿಲ್ಲ. ಕೊನೆಯ ಬಾರ್ ಬಾರ್‌ಕೌಂಟ್ − 1. ಒಂದು ಮುಂದೆ ಹೋದರೂ, ಇಲ್ಲದ ಬಾರ್ ಕೇಳಿದ್ದಕ್ಕೆ ಎರರ್ 10. ಇಫ್ (ಮೇಲಿನ ‘ಆದರೆ’) ಒಳಗೆ [ಐ] ಬಿಟ್ಟು ಬರೀ ಕ್ಲೋಸ್ ಅಂತ ಬರೆದರೆ ಎರರ್ 6, ಯಾಕೆಂದರೆ ಇಫ್‌ಗೆ ಒಂದೇ ಉತ್ತರ ಬೇಕು, ನೀವು ಕೊಡುತ್ತಿರುವುದು ಸಾವಿರ ದಿನದ್ದು. ಇಡೀ ಅರೇಗೆ ಕೆಲಸ ಮಾಡುವುದು ಐಐಎಫ್. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ.

ಸ್ಟಾಪ್ ಏರಿಸಲು ಕ್ಲೋಸ್ ಬದಲು ಹೈ (ದಿನದ ಗರಿಷ್ಠ ಬೆಲೆ) ಬಳಸುವವರಿಗೆ ಒಂದು ಮಾತು. ಮೊದಲು ಮಾರಾಟ ನೋಡಿ, ಆಮೇಲೆ ಸ್ಟಾಪ್ ಏರಿಸಿ. ಆ ದಿನ ಹೈ ಮೊದಲು ಬಂತೋ ಲೋ (ಕನಿಷ್ಠ ಬೆಲೆ) ಮೊದಲು ಬಂತೋ, ದಿನದ ಬಾರ್ ಬಾಯಿ ಬಿಡುವುದಿಲ್ಲ. ಇಂದಿನ ಹೈನಿಂದ ಏರಿಸಿದ ಸ್ಟಾಪ್‌ಗೆ ಇಂದಿನ ಲೋ ಹೋಲಿಸಿದರೆ ಆಗದ ಮಾರಾಟವೂ ಆದಂತೆ ಕಾಣಬಹುದು.

ಟ್ರೇಡಿಂಗ್‌ವ್ಯೂ ಚಾರ್ಟ್‌ಗಳ ಭಾಷೆ ಪೈನ್ ಸ್ಕ್ರಿಪ್ಟ್ ಬರೆಯುವವರಿಗೆ ಈ ತಲೆನೋವು ಕಡಿಮೆ. ಅದು ಬಾರ್ ಬಾರ್ ಆಗಿಯೇ ಓಡುತ್ತದೆ, ವಾರ್ ಅಂತ ಹಾಕಿದ ವೇರಿಯಬಲ್ ನಿನ್ನೆಯದನ್ನು ನೆನಪಿಟ್ಟಿರುತ್ತದೆ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಹಿಂದಿನ ದಿನದ್ದು ತರುವ ಶಿಫ್ಟ್ ಬಳಸುವವರು ಮಾತ್ರ ಗೆಳೆಯ ಬಿದ್ದ ಗುಂಡಿಗೇ ಬೀಳುತ್ತಾರೆ.

ಬರೆದಾದ ಮೇಲೆ ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಶೇರಿನ ಹತ್ತು ದಿನ ಕೈಯಲ್ಲೇ ಲೆಕ್ಕ ಹಾಕಿ, ಎಕ್ಸ್‌ಪ್ಲೊರೇಶನ್‌ನಲ್ಲಿ (ಅಮಿಬ್ರೋಕರ್ ಕೊಡುವ ಪಟ್ಟಿ) ಬಂದ ಅಂಕಿಗಳ ಪಕ್ಕ ಇಡಿ. ಗೆಳೆಯ ರಟ್ಟಿನ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲೇ ಹಾಕಿದ. ತಾಳೆ ಬಿತ್ತು.

ಆದರೆ ಚಾರ್ಟ್ ಜೂಮ್ ಮಾಡಿದಾಗ ಸಿಗ್ನಲ್ ತೋರಿಸುವ ಒಂದು ಬಾಣ ಜಾಗ ಬದಲಿಸಿತು! ಅದು ಅಮಿಬ್ರೋಕರ್‌ನ ಕ್ವಿಕ್‌ಎಎಫ್‌ಎಲ್ ಸೌಲಭ್ಯದ ಕೆಲಸ. ವೇಗಕ್ಕಾಗಿ ಅದು ತೆರೆಯ ಮೇಲೆ ಕಾಣುವ ಬಾರ್‌ಗಳು, ಜೊತೆಗೆ ಅವುಗಳ ಹಿಂದಿನ ಕೆಲವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಲೂಪ್‌ಗೆ ಎಷ್ಟು ಹಿಂದಿನದು ಬೇಕು ಅಂತ ಅದಕ್ಕೆ ತಿಳಿಯದು. ಪುಸ್ತಕವನ್ನು ನಡುವೆ ತೆರೆದು, ಹಿಂದಿನ ಶಿಲ್ಕು ಸೊನ್ನೆ ಅಂದುಕೊಂಡಂತೆ. ಸೆಟ್‌ಬಾರ್ಸ್‌ರಿಕ್ವೈರ್ಡ್ ಫಂಕ್ಷನ್‌ಗೆ ಎಸ್‌ಬಿಆರ್‌ಆಲ್ ಕೊಟ್ಟರೆ ಎಲ್ಲ ಬಾರ್‌ಗಳನ್ನೂ ಓದುತ್ತದೆ. ಆ ಸಾಲನ್ನು ಫಾರ್ಮುಲಾಗೆ ಸೇರಿಸಿದೆವು. ಚಾರ್ಟ್ ಎಷ್ಟು ಎಳೆದರೂ ಬಾಣ ಕದಲಲಿಲ್ಲ.