ಹೊಸ ಕಪ್ಪೆ ಎನ್ನುವ ಮೊದಲು ಇಷ್ಟು ಮಾಡಬೇಕು

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮರುದಿನ ನನ್ನ ಫೋನಿಗೆ ಒಂದೇ ಬಗೆಯ ಫೋಟೊ ಹಲವು ಊರುಗಳಿಂದ ಬರುತ್ತದೆ. ಗದ್ದೆಯ ನೀರಿನಲ್ಲಿ ಅರಿಶಿನ ಬಳಿದಂಥ ದೊಡ್ಡ ಕಪ್ಪೆ. ಗಂಟಲಿನ ಎರಡೂ ಬದಿಗೆ ಉಬ್ಬಿದ ನೀಲಿ ಚೀಲ. ಕೆಳಗೆ ‘ಹೊಸ ಜಾತಿ ಸಿಕ್ಕಿದೆ’ ಎಂಬ ಸಾಲು. ಅದು ನಮ್ಮ ಗೋಂಕರು ಕಪ್ಪೆಯೇ. ವರ್ಷವಿಡೀ ಹಸಿರು ಕಂದು ಬಣ್ಣದಲ್ಲಿರುವ ಗಂಡು, ಹೆಣ್ಣನ್ನು ಕರೆಯುವ ಕೆಲವೇ ದಿನ ಹೀಗೆ ಹಳದಿಯಾಗುತ್ತದೆ.

ಹಾಗಂತ ಹೊಸ ಕಪ್ಪೆಗಳು ಸಿಗುವುದೇ ಇಲ್ಲ ಎಂದಲ್ಲ. ಪಶ್ಚಿಮ ಘಟ್ಟದ ಇರುಳುಗಪ್ಪೆಗಳ ಗುಂಪೊಂದರಲ್ಲೇ 2011ರಲ್ಲಿ 12, 2017ರಲ್ಲಿ 7 ಹೊಸ ಪ್ರಭೇದಗಳು ಸೇರಿದವು. ವಿಜ್ಞಾನಿಗಳ ಜೊತೆ ಟಾರ್ಚು, ನೋಟ್‌ಬುಕ್ ಹಿಡಿದು ಕಾಡು ತಿರುಗಿದವನು ನಾನು. ಕಪ್ಪೆ ಹೊಸದೆಂದು ಸಾಬೀತು ಮಾಡುವ ಈ ಕೆಲಸ ಎಲ್ಲಿ ಕೆಡುತ್ತದೆ ಎಂದು ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ತಯಾರಿ

ಅರಣ್ಯ ಇಲಾಖೆಯ ಅನುಮತಿ, ಮಳೆಬೂಟು, ಹೆಡ್‌ಟಾರ್ಚ್, ಉಂಬಳಕ್ಕೆ ಉದ್ದ ಕಾಲುಚೀಲ. ಇಷ್ಟು ಸಾಕು. ಆದರೆ ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡು ಹೊರಡಬೇಡಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಯಲ್ಲಿ ಇರುವುದೆಲ್ಲ ಅದರ ಮೈಯೊಳಗೆ ಹೋಗುತ್ತದೆ. ಒಂದು ಹಳ್ಳದಿಂದ ಇನ್ನೊಂದು ಹಳ್ಳಕ್ಕೆ ಹೋಗುವಾಗ ಬೂಟು ತೊಳೆದು ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಬರುವ ಶಿಲೀಂಧ್ರ ರೋಗ ಕೆಸರಿನ ಜೊತೆಯೂ ಹರಡಬಹುದು.

ಎರಡನೆಯದು: ಕೂಗು

ಗಂಡು ಕೂಗುವುದು ತನ್ನ ಜಾತಿಯ ಹೆಣ್ಣಿಗಾಗಿ. ನೋಡಲು ಒಂದೇ ಥರ ಇರುವ ಎರಡು ಕಪ್ಪೆಗಳ ಕೂಗು ಬೇರೆ ಬೇರೆಯಾದರೆ ಅನುಮಾನ ಅಲ್ಲಿಂದಲೇ ಶುರು. ಮಣಿಪಾಲದ ಮುರಕಲ್ಲು ಬಯಲಿನಲ್ಲಿದ್ದ, 1.6 ಸೆಂಟಿಮೀಟರಿನ ಪುಟ್ಟ ಕಪ್ಪೆಯೊಂದು 2016ರಲ್ಲಿ ಹೊಸ ಪ್ರಭೇದ ಎನಿಸಿಕೊಂಡಿತು. ಅದರ ಕೂಗು ಹುಳು ಕಿರುಗುಟ್ಟಿದ ಹಾಗಿದೆ. ಕಿವಿಗೊಡದೆ ನಡೆದರೆ ಹುಳು ಅಂತಲೇ ಬಿಟ್ಟು ಹೋಗುತ್ತೇವೆ, ಅಲ್ವಾ?

ಜಾಸ್ತಿ ಜನ ಎಡವುವುದು ಇಲ್ಲೇ. ಕೂಗು ರೆಕಾರ್ಡ್ ಮಾಡಿದ ಕಪ್ಪೆಯನ್ನೇ ಹಿಡಿಯಬೇಕು, ಪಕ್ಕದ ಕಪ್ಪೆಯನ್ನಲ್ಲ. ಒಂದು ಪೊದೆಯಲ್ಲಿ ಮೂರು ಜಾತಿ ಕೂಗುತ್ತಿರುತ್ತವೆ. ಒಮ್ಮೆ ಜರಿಗಿಡದ ಎಲೆಯಡಿ ಕೂತ ಪೊದೆಗಪ್ಪೆಗಾಗಿ ನಲವತ್ತು ನಿಮಿಷ ಅಲ್ಲಾಡದೆ ನಿಂತಿದ್ದೆವು. ಬೆಳಕು ಬಿದ್ದರೆ ಸುಮ್ಮನಾಗುತ್ತಿತ್ತು. ಟಾರ್ಚಿಗೆ ಕೆಂಪು ಕಾಗದ ಸುತ್ತಿದ ಮೇಲೆ ಮತ್ತೆ ಶುರು ಮಾಡಿತು. ಗಂಟಲ ಚೀಲ ಕಡಲೆಕಾಳಿನಷ್ಟು ಉಬ್ಬುವುದು, ಅದೇ ಗಳಿಗೆಗೆ ಹೆಡ್‌ಫೋನಿನಲ್ಲಿ ‘ಟ್ರಿಕ್’ ಎನ್ನುವುದು, ಎರಡೂ ಒಟ್ಟಿಗೆ ಕಂಡಾಗಲೇ ಕೈ ಚಾಚಿದ್ದು. ಚೀಲ ಉಬ್ಬುವುದನ್ನು ಕಣ್ಣಾರೆ ಕಾಣದ ರೆಕಾರ್ಡಿಂಗನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ.

ರೆಕಾರ್ಡಿಂಗ್ ಮುಗಿದ ತಕ್ಷಣ ಗಾಳಿಯ ಉಷ್ಣತೆ ಬರೆದುಕೊಳ್ಳಿ. ನೀರಲ್ಲಿ ಕೂತಿದ್ದರೆ ನೀರಿನದೂ ಬೇಕು. ಚಳಿಯಾದರೆ ಕಪ್ಪೆಯ ಕೂಗು ನಿಧಾನವಾಗುತ್ತದೆ. ಥರ್ಮಾಮೀಟರ್ ಮರೆತು ಬಂದರೆ ಒಂದೇ ಜಾತಿಯ ಎರಡು ರಾತ್ರಿಯ ಕೂಗು ಎರಡು ಜಾತಿಯಂತೆ ಕಾಣುತ್ತದೆ. ಫೋನಿನ ರೆಕಾರ್ಡರನ್ನು ನೆಚ್ಚಬೇಡಿ. ಅದು ಗದ್ದಲ ಕಡಿಮೆ ಮಾಡುತ್ತೇನೆಂದು ಕೂಗಿನ ಅಂಚುಗಳನ್ನೇ ಸವರಿಬಿಡುತ್ತದೆ. ಫೈಲು ವೇವ್ ರೂಪದಲ್ಲೇ ಇರಲಿ, ಎಂಪಿ3 ಬೇಡ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಕೂಗಿಗೆ ಎಷ್ಟು ಮಿಡಿತ, ಎಷ್ಟು ಹೊತ್ತು, ಯಾವ ಸ್ವರದಲ್ಲಿ ಬಲ ಜಾಸ್ತಿ ಎಂದು ಎಣಿಸುತ್ತಾರೆ.

ಮೂರನೆಯದು: ಫೋಟೊ, ಅಂಗಾಂಶ, ಅಳತೆ. ಇದೇ ಕ್ರಮದಲ್ಲಿ

ಜೀವಂತ ಇರುವಾಗಲೇ ಬೆನ್ನು, ಹೊಟ್ಟೆ, ತೊಡೆಯ ಒಳಭಾಗ, ಅಂಗಾಲು, ಕಣ್ಣಿನ ಫೋಟೊ ತೆಗೆಯಬೇಕು. ದೇಹ ಕೊಳೆಯದಂತೆ ಇಡುವ ದ್ರಾವಣಕ್ಕೆ ಬಿದ್ದ ಮೇಲೆ ಬಣ್ಣ ಉಳಿಯುವುದಿಲ್ಲ.

ಪ್ರಭೇದವನ್ನು ಸಾಬೀತು ಮಾಡಲು ಕೆಲವು ಕಪ್ಪೆಗಳು ಸಾಯಬೇಕಾಗುತ್ತದೆ. ಅದು ನನಗೆ ಇವತ್ತಿಗೂ ಕಷ್ಟ. ಅದಕ್ಕೇ ಬೇಕಾದಷ್ಟೇ ಹಿಡಿಯಬೇಕು, ಹಿಡಿದದ್ದನ್ನು ಹಾಳು ಮಾಡಬಾರದು. ಹಾಳಾಗುವುದು ಹೀಗೆ: ಮೊದಲು ಆ ದ್ರಾವಣ, ಅಂದರೆ ಫಾರ್ಮಲಿನ್‌ಗೆ ಹಾಕಿ, ಡಿಎನ್‌ಎ ಬೇಕಿತ್ತೆಂದು ಆಮೇಲೆ ನೆನಪಾಗುವುದು. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಯಕೃತ್ತಿನದೋ ತೊಡೆಯದೋ ಚೂರನ್ನು ಮೊದಲು ಶುದ್ಧ ಆಲ್ಕೊಹಾಲಿಗೆ ಹಾಕಿ, ಆಮೇಲೆ ಉಳಿದ ಮೈಯನ್ನು ಫಾರ್ಮಲಿನ್‌ಗೆ ಇಟ್ಟು ಗಟ್ಟಿ ಮಾಡಬೇಕು. ಕೊನೆಗೆ ಶೇ 70ರ ಆಲ್ಕೊಹಾಲಿನಲ್ಲಿ ಕಾಪಿಡಬೇಕು. ಬಣ್ಣದ ಅಂಗಡಿಯ ಸ್ಪಿರಿಟ್ ಇದಕ್ಕೆ ಆಗುವುದಿಲ್ಲ.

ಅಳತೆಗೆ ಲೋಹದ ವರ್ನಿಯರ್ ಕ್ಯಾಲಿಪರ್ ಬೇಕು. ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ಕಿನದು ಬಾಗುತ್ತದೆ. ಮಣಿಪಾಲದ ಆ ಕಪ್ಪೆಯಷ್ಟು ಸಣ್ಣದರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಶೇ 3ರಷ್ಟು ತಪ್ಪಿದಂತೆ. ಮೂತಿಯಿಂದ ಹಿಂಬದಿಯವರೆಗಿನ ಉದ್ದ, ಕಿವಿತಮಟೆ, ಬೆರಳ ತುದಿಯ ಅಗಲ, ಹಿಂಗಾಲಿನ ಬೆರಳುಗಳ ನಡುವಿನ ಜಾಲಪೊರೆ ಎಲ್ಲಿಯವರೆಗೆ ಬಂದಿದೆ, ಇವೆಲ್ಲವನ್ನೂ ಒಬ್ಬರೇ ಅಳೆಯಬೇಕು. ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ.

ನಾಲ್ಕನೆಯದು: ಡಿಎನ್‌ಎ

ಇದು ಪ್ರಯೋಗಾಲಯದ ಕೆಲಸ. 16ಎಸ್ ಎಂಬ ಜೀನಿನ ಒಂದು ತುಂಡನ್ನು ಓದಿಸಿ ಹತ್ತಿರದ ಪ್ರಭೇದಗಳ ಜೊತೆ ಹೋಲಿಸುತ್ತಾರೆ. ವ್ಯತ್ಯಾಸ ಶೇ 3 ದಾಟಿದರೆ ಬೇರೆ ಇರಬಹುದು ಎಂಬುದು ರೂಢಿಯ ಅಂದಾಜು. ಅದು ಅಂದಾಜು ಮಾತ್ರ, ತೀರ್ಪಲ್ಲ. ಆನ್‌ಲೈನ್ ಜೀನ್ ಭಂಡಾರದಲ್ಲಿ ತಪ್ಪು ಹೆಸರಿನಲ್ಲಿ ಸೇರಿಕೊಂಡ ಕಪ್ಪೆಗಳೂ ಇವೆ. ಒಂದು ಜೀನಿನ ಬಲದ ಮೇಲೆ ಹೊಸ ಹೆಸರು ಇಡುವುದು ಅಡ್ಡದಾರಿ. ಕೂಗು, ದೇಹ, ಡಿಎನ್‌ಎ ಮೂರೂ ಒಂದೇ ಮಾತು ಹೇಳಬೇಕು.

ಐದನೆಯದು: ಹಳೆಯ ಹೆಸರುಗಳ ಜೊತೆ ಹೋಲಿಕೆ

ನಿಜವಾದ ಕೆಲಸ ಇದು. ಇದಕ್ಕೆ ವರ್ಷಗಳೇ ಬೇಕು. ನಿಮ್ಮ ಕಪ್ಪೆಗೆ ಯಾರೂ ಈವರೆಗೆ ಹೆಸರು ಇಟ್ಟಿಲ್ಲ ಎಂದು ತೋರಿಸಬೇಕಲ್ಲ? ಸಾಮಾನ್ಯವಾಗಿ ಪ್ರಭೇದಕ್ಕೆ ಹೋಲೋಟೈಪ್ ಎಂಬ ಒಂದು ಮೂಲ ಮಾದರಿ ಇರುತ್ತದೆ. ನಮ್ಮ ಘಟ್ಟದ ಹಳೆಯ ಮಾದರಿಗಳಲ್ಲಿ ಹಲವು ಲಂಡನ್ನಿನಲ್ಲಿವೆ, ಕೆಲವು ಕೋಲ್ಕತ್ತದಲ್ಲಿವೆ. ಹೋಗಿ ಜಾಡಿ ತೆಗೆದು ನೋಡಬೇಕು.

ಮಾದರಿಯೇ ಇಲ್ಲದಿದ್ದರೆ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರೊ. ಸಿ.ಆರ್. ನಾರಾಯಣ ರಾವ್ 1937ರಲ್ಲಿ ಕೆಂಪುಹೊಳೆ, ಕೊಡಗು ಕಡೆಯ ಹಲವು ಕಪ್ಪೆಗಳನ್ನು ವಿವರಿಸಿದರು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾರ್ಕೆಸ್ಟಿಸ್ ಎಂದು ಅವರದೇ ಹೆಸರು ಬಂತು. ಆದರೆ ಅವರ ಹಲವು ಮಾದರಿಗಳು ಇಂದು ಉಳಿದಿಲ್ಲ. ಹಾಗಾಗಿ ಅವರು ಬರೆದ ಅದೇ ಜಾಗಕ್ಕೆ, ಅದೇ ಮಳೆಗಾಲದಲ್ಲಿ ಹೋಗಿ, ಅವರ ವಿವರಣೆಗೆ ಹೊಂದುವ ಕಪ್ಪೆಯನ್ನು ಹುಡುಕಬೇಕು. ಅವರು 1920ರಲ್ಲಿ ಹೆಸರಿಟ್ಟ ಕೊಡಗಿನ ಇರುಳುಗಪ್ಪೆ ಹೀಗೆ ಹುಡುಕಿದವರಿಗೆ ಸಿಕ್ಕಿತು. ಸುದ್ದಿ ಹೊರಬಿದ್ದದ್ದು 2011ರಲ್ಲಿ, 91 ವರ್ಷಗಳ ನಂತರ.

ಇಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ. ಒಂದೇ ಜಾತಿಯ ಪೊದೆಗಪ್ಪೆಗಳಲ್ಲಿ ಒಂದು ಹಸಿರು, ಒಂದು ಕಂದು, ಇನ್ನೊಂದರ ಬೆನ್ನಿಗೆ ಬಿಳಿ ಗೆರೆ ಇರಬಹುದು. ಮರಿ, ಹೆಣ್ಣು, ಗಂಡು ಕೂಡ ಬೇರೆ ಬೇರೆ ಕಾಣುತ್ತವೆ. ಒಂದೇ ಕಪ್ಪೆ ಹಿಡಿದು ಹೊಸದೆನ್ನುವವರನ್ನು ನಾನು ನಂಬುವುದಿಲ್ಲ.

ನಡವಳಿಕೆಯೂ ಸಾಕ್ಷಿಯಾಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ಒಂದು ಇರುಳುಗಪ್ಪೆಯ ಗಂಡು ಹಿಂಗಾಲಿನ ಮೇಲೆ ಎದ್ದು ನಿಂತು, ಮುಂಗಾಲಿನಲ್ಲಿ ಕೆಸರು ಬಾಚಿ, ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಅದಕ್ಕೆ ಕುಂಬಾರ ಎಂದೇ ಹೆಸರಿಟ್ಟರು. ಎಷ್ಟು ಸರಿಯಾದ ಹೆಸರು!

ಕೊನೆಯದು: ಪ್ರಕಟಣೆ

ವಿವರಣೆ ಬರೆದು, ಬೇರೆ ತಜ್ಞರು ಓದಿ ಒಪ್ಪಿದ ಮೇಲೆ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಬೇಕು. ಹೋಲೋಟೈಪ್ ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ಹೋಗಬೇಕು. ಜಾಡಿಯೊಳಗಿನ ಚೀಟಿಯನ್ನು ಗಟ್ಟಿ ಕಾಗದದಲ್ಲಿ, ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ. ಆಗ ಜಾಡಿಯಲ್ಲಿ ಕಪ್ಪೆ ಇರುತ್ತದೆ, ಅದು ಯಾವ ಹಳ್ಳದ್ದು, ಯಾವ ರಾತ್ರಿಯದು ಎಂಬುದು ಇರುವುದಿಲ್ಲ.