ಎದ್ದು ಹೋಗುವ ಮುನ್ನ ಒಂದು ಬೀಗ

ಹಲವರು ಓಡಾಡುವ ಕಚೇರಿಯಲ್ಲಿ ನನ್ನ ಲಿನಕ್ಸ್ ಕಂಪ್ಯೂಟರ್ ದಿನವಿಡೀ ತೆರೆದಿರುತ್ತದೆ. ಇಮೇಲ್, ಸರ್ವರ್‌ಗಳಿಗೆ ಜೋಡಿಸಿದ ಟರ್ಮಿನಲ್‌ಗಳು, ಅರ್ಧ ಬರೆದ ಪತ್ರಗಳು ಎಲ್ಲವೂ ಪರದೆಯ ಮೇಲೆಯೇ. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಒಮ್ಮೆ ಲಾಗಿನ್ ಆದ ಮೇಲೆ ಅದರ ಕಾವಲು ಮುಗಿಯಿತು. ಆಮೇಲೆ ಆ ಕುರ್ಚಿಯಲ್ಲಿ ಯಾರು ಕುಳಿತರೂ ಕಂಪ್ಯೂಟರಿನ ಲೆಕ್ಕದಲ್ಲಿ ಅವರೇ ನಾನು.

ಬೀಗ ಹಾಕಲು ನಾನು ಆರಿಸಿಕೊಂಡದ್ದು ಸ್ಲಾಕ್ (slock) ಎಂಬ ಪುಟ್ಟ ತಂತ್ರಾಂಶವನ್ನು. ಅದನ್ನು ಚಾಲೂ ಮಾಡಿದೊಡನೆ ಇಡೀ ಪರದೆ ಕಪ್ಪಾಗುತ್ತದೆ. ಗಡಿಯಾರವಿಲ್ಲ, ಬಳಕೆದಾರನ ಹೆಸರಿಲ್ಲ, ಪಾಸ್‌ವರ್ಡ್ ಬರೆಯಲು ಚೌಕವೂ ಇಲ್ಲ. ಬೀಗ ಹಾಕಿದ ಪರದೆಯ ಮೇಲೂ ಬಂದ ಸಂದೇಶದ ಮೊದಲ ಸಾಲನ್ನು ತೋರಿಸುವ ವ್ಯವಸ್ಥೆಗಳನ್ನು ಕಂಡಿರುವ ನನಗೆ ಈ ಮೌನವೇ ಹಿಡಿಸಿತು. ಕೀಲಿ ಒತ್ತಲು ತೊಡಗಿದರೆ ಪರದೆ ನೀಲಿಯಾಗುತ್ತದೆ, ಪಾಸ್‌ವರ್ಡ್ ತಪ್ಪಿದರೆ ಕೆಂಪಾಗುತ್ತದೆ. ಏನೋ ಬರೆದು ಅಳಿಸಿ ಸುಮ್ಮನಾದರೂ ಆ ಕೆಂಪು ಹಾಗೆಯೇ ಉಳಿಯುತ್ತದೆ. ಇದು ನನಗೆ ಬಲು ಉಪಯುಕ್ತ. ಮರಳಿ ಬಂದು, ಕೀಲಿಮಣೆ ಮುಟ್ಟದೆ ಮೌಸ್ ಮಾತ್ರ ಅಲುಗಿಸಿ ಪರದೆಯನ್ನು ಎಬ್ಬಿಸುತ್ತೇನೆ. ಕಪ್ಪಾಗಿದ್ದರೆ ಯಾರೂ ಕೀಲಿ ಒತ್ತಿಲ್ಲ. ಬೇರೆ ಬಣ್ಣವಿದ್ದರೆ ಯಾರೋ ಕೈಯಾಡಿಸಿದ್ದಾರೆ.

ಬೀಗ ಹಾಕುವುದನ್ನು ನೆನಪಿಗೆ ಬಿಡಬಾರದು, ಕೈಗೆ ಒಪ್ಪಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೆನು ತೆರೆದು ಹುಡುಕಬೇಕಾದ ಬೀಗವನ್ನು ಯಾರೂ ದಿನವೂ ಹಾಕುವುದಿಲ್ಲ. ಅದಕ್ಕೇ ಸ್ಲಾಕನ್ನು ವಿಂಡೋಸ್ ಕೀಲಿ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಓಡುವಂತೆ ಹೊಂದಿಸಿಕೊಂಡೆ. ವಿಂಡೋಸ್‌ನಲ್ಲಿ ಇದೇ ಜೋಡಿ ಬೀಗಕ್ಕೆ ಮೀಸಲಾಗಿದೆ, ಅಲ್ಲಿ ಬೇರೆ ತಂತ್ರಾಂಶವೇ ಬೇಕಿಲ್ಲ. ಯಾವ ಯಂತ್ರದ ಮುಂದೆ ಕುಳಿತರೂ ಬೆರಳಿಗೆ ಒಂದೇ ಅಭ್ಯಾಸ ಸಾಕು.

ಯಾರಾದರೂ ಕರೆದಾಗ ಥಟ್ಟನೆ ಎದ್ದು ಹೋಗುವ ಸಂದರ್ಭಕ್ಕೆ ಎಕ್ಸ್‌ಎಸ್‌ಎಸ್‌-ಲಾಕ್ ಎಂಬ ಇನ್ನೊಂದು ತಂತ್ರಾಂಶವನ್ನು ಜೊತೆಗಿಟ್ಟಿದ್ದೇನೆ. ಮೂರು ನಿಮಿಷ ಕೀಲಿಮಣೆ, ಮೌಸ್ ಎರಡೂ ಅಲುಗದಿದ್ದರೆ ಅದು ತಾನೇ ಸ್ಲಾಕನ್ನು ಕರೆಯುತ್ತದೆ. ಲ್ಯಾಪ್‌ಟಾಪ್‌ನ ಮುಚ್ಚಳ ಹಾಕಿ ನಿದ್ರೆಗೆ ಕಳಿಸಿದಾಗಲೂ ಅಷ್ಟೇ. ಬೀಗ ಬಿದ್ದ ಮೇಲೆಯೇ ಯಂತ್ರ ಮಲಗುವಂತೆ ಅದನ್ನು ಹೊಂದಿಸಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಟ್ಟದ್ದು ಹಿಂಬಾಗಿಲಿಗೆ. ಕಂಟ್ರೋಲ್, ಆಲ್ಟ್ ಜೊತೆಗೆ ಎಫ್‌3ರಂಥ ಕೀಲಿಯನ್ನು ಒತ್ತಿದರೆ ಲಿನಕ್ಸ್ ಬೇರೊಂದು ಕನ್ಸೋಲಿಗೆ, ಅಂದರೆ ಪ್ರತ್ಯೇಕವಾಗಿ ಲಾಗಿನ್ ಆಗುವ ಬರೀ ಅಕ್ಷರಗಳ ಪರದೆಗೆ, ಹೋಗುತ್ತದೆ. ಅಲ್ಲಿ ಮೊದಲೇ ಲಾಗಿನ್ ಆಗಿ ಬಿಟ್ಟಿದ್ದರೆ ಮುಖ್ಯ ಪರದೆಯ ಬೀಗ ಇದ್ದೂ ಇಲ್ಲದಂತೆ. ನನ್ನ ಕಡತಗಳೆಲ್ಲ ಅಲ್ಲಿಂದ ಕೈಗೆ ಸಿಗುತ್ತವೆ. ಪರದೆಯ ಮೇಲೆ ಕಿಟಕಿ, ಚಿತ್ರಗಳನ್ನು ಮೂಡಿಸುವ ಎಕ್ಸ್ ಸರ್ವರ್ ಎಂಬ ತಂತ್ರಾಂಶದ ಸಂರಚನೆಯಲ್ಲಿ ‘ಡೋಂಟ್‌ವಿಟಿಸ್ವಿಚ್’, ‘ಡೋಂಟ್‌ಜ್ಯಾಪ್’ ಎಂಬ ಎರಡು ಆಯ್ಕೆಗಳನ್ನು ಚಾಲೂ ಮಾಡಿ ಈ ದಾರಿಯನ್ನು ಮುಚ್ಚಿದೆ. ಮೊದಲನೆಯದು ಕನ್ಸೋಲ್ ಬದಲಾಯಿಸದಂತೆ ತಡೆಯುತ್ತದೆ, ಎರಡನೆಯದು ಕೀಲಿ ಒತ್ತಿ ಎಕ್ಸ್ ಸರ್ವರನ್ನೇ ಕೊಲ್ಲದಂತೆ ತಡೆಯುತ್ತದೆ. ಸ್ಲಾಕ್‌ನ ಕೈಪಿಡಿ ಪುಟದಲ್ಲೇ ಈ ಸಲಹೆಯಿದೆ. ತಂತ್ರಾಂಶವನ್ನು ಅನುಸ್ಥಾಪಿಸಿ ಅಷ್ಟಕ್ಕೇ ನಿಲ್ಲಿಸುವವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಮಾಡಿದರೂ ಇದು ಪರದೆಯ ಬೀಗ ಮಾತ್ರ. ಕಂಪ್ಯೂಟರನ್ನು ಬಂದ್ ಮಾಡಿ, ಪೆನ್‌ಡ್ರೈವ್‌ನಿಂದ ಬೇರೆ ವ್ಯವಸ್ಥೆಯನ್ನು ಎಬ್ಬಿಸಿ ಡಿಸ್ಕನ್ನು ಓದುವವರನ್ನು ಸ್ಲಾಕ್ ತಡೆಯಲಾರದು. ಅದಕ್ಕೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕನ್ನೇ ಗೂಢಲಿಪೀಕರಿಸಬೇಕು. ನಾನು ಲಿನಕ್ಸ್‌ನ ಲಕ್ಸ್ ವ್ಯವಸ್ಥೆಯನ್ನು ಬಳಸುತ್ತೇನೆ. ಇನ್ನೊಂದು ಮಾತು: ಸ್ಲಾಕ್ ಎಕ್ಸ್ ಸರ್ವರ್‌ಗಾಗಿ ಬರೆದದ್ದು. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್ ವ್ಯವಸ್ಥೆಯ ಮೇಲೆ ಸ್ವೇ ಎಂಬ ಕಿಟಕಿ ನಿರ್ವಾಹಕವನ್ನು ಬಳಸುವವರು ಸ್ವೇಲಾಕ್ ಹಾಕಿಕೊಳ್ಳಬೇಕು.