ಮುಂಬೈ ಮಳೆ, ಮೊಸರಿನ ಕ್ಯಾನು: ಕಾರಿನ ಒಳಭಾಗ ಶುಚಿಗೊಳಿಸಿದ ನನ್ನ ಅನುಭವ

ಮುಂಬೈಯಲ್ಲಿ ಕಾರಿನ ಒಳಭಾಗವನ್ನು ಶುಚಿಗೊಳಿಸುವುದೆಂದರೆ ಮುಖ್ಯವಾಗಿ ಒಣಗಿಸುವ ಕೆಲಸ. ತೊಳೆಯುವುದು ಅದರಲ್ಲಿ ಸಣ್ಣದೊಂದು ಪಾಲು. ಜೂನ್ ಎರಡನೇ ವಾರದಿಂದ ಅಕ್ಟೋಬರ್ ಆರಂಭದವರೆಗೆ ಇಲ್ಲಿನ ಗಾಳಿಯೇ ಒದ್ದೆ. ಜುಲೈ, ಆಗಸ್ಟ್‌ಗಳಲ್ಲಿ ತೇವಾಂಶ ಶೇ 80ರ ಮೇಲೆಯೇ ಇರುತ್ತದೆ. ಅದು ಶೇ 70 ದಾಟಿ ಕೆಲಕಾಲ ಹಾಗೆಯೇ ನಿಂತರೆ ಬಟ್ಟೆಯ ಮೇಲೆ, ರೆಕ್ಸಿನ್ನಿನ ಮೇಲೆ ಬೂಷ್ಟು ಹಿಡಿಯಲು ಬೇರೆ ನೀರು ಬೀಳಬೇಕಾಗಿಲ್ಲ. ಇಂಥ ದಿನಗಳಲ್ಲಿ ಸೀಟುಗಳಿಗೆ ಶಾಂಪೂ ಹಾಕಿ, ನೊರೆ ಬರುವಂತೆ ಉಜ್ಜಿ, ಬಟ್ಟೆಯಿಂದ ಒರೆಸಿ ಬಾಗಿಲು ಮುಚ್ಚಿದರೆ ಕೊಳೆ ಹೋಗಿ ವಾಸನೆ ಉಳಿಯುತ್ತದೆ. ಆದ್ದರಿಂದ ಥಾಣೆಯಲ್ಲಿ ಹೋಟೆಲು ನಡೆಸುವ ನನ್ನ ಭಾವನವರು ತಮ್ಮ ಕಾರನ್ನು ಮಳೆಗಾಲದ ನಡುವೆಯೇ ತೊಳೆದುಕೊಡೆಂದು ಕೇಳಿದಾಗ, ಅಕ್ಟೋಬರ್ ಬಿಸಿಲು ಬರಲಿ ಎಂದು ಹೇಳಿ ಕಾಯಿಸಿದೆ.

ಕಾರಿನ ಸ್ಥಿತಿ ಹೀಗಿತ್ತು. ಬೆಳಗಿನ ಜಾವ ವಾಶಿ ಮಾರುಕಟ್ಟೆಯಿಂದ ತೆಂಗಿನಕಾಯಿ, ಕೊತ್ತಂಬರಿ, ಹಸಿಮೆಣಸು, ಜೊತೆಗೆ ಡೇರಿಯಿಂದ ಮೊಸರಿನ ಕ್ಯಾನು ಇವೆಲ್ಲ ಅದರಲ್ಲೇ ಬರುತ್ತಿದ್ದವು. ಒಮ್ಮೆ ಮೊಸರಿನ ಕ್ಯಾನು ಮಗುಚಿ ಹಿಂದಿನ ಸೀಟಿನ ಕೆಳಗೆ ಹರಿದಿತ್ತು. ಮೇಲ್ಭಾಗವನ್ನು ಒರೆಸಿದ್ದರು, ಆದರೆ ಕಾರ್ಪೆಟ್ಟಿನ ಅಡಿಯ ದಪ್ಪ ಫೆಲ್ಟ್, ಅಂದರೆ ನಾರಿನ ಪದರ, ಎಲ್ಲವನ್ನೂ ಕುಡಿದು ಕುಳಿತಿತ್ತು. ವಾಸನೆ ತಾಳಲಾರದೆ ಒಂದು ಅಂಗಡಿಗೆ ಕೊಟ್ಟರೆ ಅವರು ಸೀಟು ಒರೆಸಿ, ಧಾರಾಳವಾಗಿ ಸುಗಂಧ ಸಿಂಪಡಿಸಿ ಕಳುಹಿಸಿದ್ದರು. ಹುಳಿ ಮೊಸರು ಮತ್ತು ಮಲ್ಲಿಗೆ ಒಂದಾದ ಆ ವಾಸನೆಯನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. "ಇನ್ನೊಂದು ಒಳ್ಳೆಯ ಸೆಂಟ್ ತಂದು ಹೊಡೆದರೆ ಸಾಕಲ್ಲ ಮಾರಾಯ?" ಎಂದು ಭಾವ ಕೇಳಿದರು. "ಅಡಿಯಲ್ಲಿ ಮೊಸರು ಇರುವವರೆಗೆ ಯಾವ ಸೆಂಟೂ ನಿಲ್ಲುವುದಿಲ್ಲ ಭಾವ" ಎಂದೆ.

ನಾನು ಬ್ರಷ್ ಮುಟ್ಟುವ ಮೊದಲು ನೀರು ಎಲ್ಲೆಲ್ಲಿದೆ, ಎಲ್ಲಿಂದ ಬಂತು ಎಂದು ಹುಡುಕುತ್ತೇನೆ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ನಾಲ್ಕೂ ಕಡೆ ಮ್ಯಾಟಿನ ಕೆಳಗೆ ಇಟ್ಟು, ಮೊಣಕಾಲಿನಿಂದ ಬಲವಾಗಿ ಒತ್ತಿ ನೋಡಿದರೆ ಸಾಕು. ಮೊಸರು ಚೆಲ್ಲಿದ ಹಿಂಭಾಗದ ಹಾಳೆ ಒದ್ದೆಯಾದದ್ದು ನಿರೀಕ್ಷಿತವೇ ಆಗಿತ್ತು, ಆದರೆ ಮುಂದಿನ ಎಡಬದಿಯ ಹಾಳೆಯೂ ನೆನೆದಿತ್ತು. ಅಲ್ಲಿಯ ನೀರು ತಿಳಿಯಾಗಿತ್ತು, ಅದಕ್ಕೆ ವಾಸನೆ ಇರಲಿಲ್ಲ. ಇದು ಸಾಮಾನ್ಯವಾಗಿ ಎ.ಸಿ.ಯ ನೀರು. ಎ.ಸಿ.ಯ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ, ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಕಾರಿನ ಅಡಿಗೆ ಇಳಿಯಬೇಕು. ಪೈಪು ಧೂಳಿನಿಂದ ಕಟ್ಟಿಕೊಂಡರೆ ಆ ನೀರು ಒಳಗೇ ಕಾರ್ಪೆಟ್ಟಿಗೆ ಇಳಿಯುತ್ತದೆ. ಎ.ಸಿ. ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೂ ಕಾರಿನ ಕೆಳಗೆ ಒಂದು ಹನಿಯೂ ಬೀಳದ್ದರಿಂದ ಸಂಶಯ ಖಚಿತವಾಯಿತು. ಕೆಳಗಿನಿಂದ ಮೆದುವಾದ ನೈಲಾನ್ ತಂತಿಯನ್ನು ಪೈಪಿಗೆ ತೂರಿಸಿದಾಗ ಕಪ್ಪು ಲೋಳೆಯೊಂದು ಜಾರಿ, ಅದರ ಹಿಂದೆಯೇ ಲೋಟದಷ್ಟು ನೀರು ಸುರಿಯಿತು. ಬಾನೆಟ್ ಎತ್ತಿ, ವೈಪರಿನ ಬುಡದ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಗುಲ್‌ಮೊಹರಿನ ಸಣ್ಣ ಎಲೆಗಳನ್ನೂ ತೆಗೆದೆ. ಮರದಡಿ ನಿಲ್ಲುವ ಕಾರುಗಳಲ್ಲಿ ಮಳೆನೀರು ಒಳನುಗ್ಗಲು ಈ ಎಲೆಗಳೂ ದಾರಿ ಮಾಡಿಕೊಡುತ್ತವೆ.

ಈ ಕಾರನ್ನು ಭಾವ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡವರು ಈ ಊರಿನಲ್ಲಿ ಹಳೆಯ ಕಾರನ್ನು ನೋಡಿದಾಗಲೆಲ್ಲ, ಇದೇನಾದರೂ ನೆರೆಯಲ್ಲಿ ಮುಳುಗಿದ್ದೇ ಎಂದು ಯೋಚಿಸುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದೆ, ತುದಿಯಲ್ಲಿ ಕೆಸರಿನ ಗೆರೆ ಇರಲಿಲ್ಲ. ಸೀಟಿನ ಹಳಿಗಳಲ್ಲಿ, ಅಡಿಯ ಬೋಲ್ಟುಗಳಲ್ಲಿ ಒರಟು ತುಕ್ಕೂ ಇರಲಿಲ್ಲ. ಹಾಗಾಗಿ ನೀರಿನ ಮೂಲಗಳು ಎರಡೇ ಎಂದು ತೀರ್ಮಾನಿಸಿ ಕೆಲಸ ಶುರುಮಾಡಿದೆ.

ಸೀಟುಗಳನ್ನು ಬಿಚ್ಚದೆ ಇಂಥ ಕಾರು ಶುಚಿಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ಸೀಟು ನಾಲ್ಕು ಬೋಲ್ಟುಗಳ ಮೇಲೆ ಕುಳಿತಿರುತ್ತದೆ, ಸರಿಯಾದ ಪಾನಾ ಇದ್ದರೆ ಸಾಕು. ಆದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಸೀಟಿನ ಕೆಳಗಿರುವ ಹಳದಿ ಬಣ್ಣದ ಕನೆಕ್ಟರ್ ಏರ್‌ಬ್ಯಾಗಿಗೆ ಅಥವಾ ಬೆಲ್ಟಿನ ಬಿಗಿತಕ್ಕೆ ಸಂಬಂಧಿಸಿದ್ದು. ಕೀಲಿ ಆನ್ ಇರುವಾಗ ಅದನ್ನು ಎಳೆದರೆ ಏರ್‌ಬ್ಯಾಗಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಅದನ್ನು ಆರಿಸಲು ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕಾಗುತ್ತದೆ. ಈ ವಿಷಯದಲ್ಲಿ ಧೈರ್ಯ ಸಾಲದವರು ಮುಂದಿನ ಸೀಟುಗಳನ್ನು ಹಾಗೆಯೇ ಬಿಟ್ಟು ಹಿಂದಿನ ಸೀಟನ್ನು ಮಾತ್ರ ತೆಗೆದರೂ ಅರ್ಧ ಕೆಲಸ ಆಗುತ್ತದೆ.

ಸೀಟು ಎತ್ತಿದಾಗ ಕಂಡದ್ದು ಪೂರ್ತಿ ಹೋಟೆಲಿನ ಚರಿತ್ರೆ: ಸಾಸಿವೆ, ಒಣಗಿದ ಕರಿಬೇವು, ತೆಂಗಿನ ನಾರು, ನಾಣ್ಯಗಳು, ಎಣ್ಣೆ ಹೀರಿ ಕಂದಾದ ಬಿಲ್ಲುಗಳು. ನೀರು ತಾಗಿಸುವ ಮೊದಲು ಇದೆಲ್ಲವನ್ನೂ ಒಣ ವ್ಯಾಕ್ಯೂಮಿನಿಂದ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಧೂಳು ಕೆಸರಾಗಿ ನಾರಿನೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಒಂದು ಕೈಯಲ್ಲಿ ಗಟ್ಟಿ ಬ್ರಷ್ಷಿನಿಂದ ಕಾರ್ಪೆಟ್ಟನ್ನು ಕೆದಕುತ್ತಾ ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಹಿಡಿಯುವುದು ನನ್ನ ಕ್ರಮ. ಸೀಟಿನ ತಳದಲ್ಲಿ ಬಿಳಿಯ ಬೂಷ್ಟು ಹಬ್ಬಿದ್ದ ಕಡೆ ಮಾಸ್ಕ್ ಧರಿಸಿ, ಸೀಟನ್ನು ಬಯಲಿಗೆ ತಂದು ಉಜ್ಜಿದೆ, ಬಳಿಕ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಸಿಂಪಡಿಸಿ ಒರೆಸಿದೆ. ವಿನೆಗರ್ ಬಳಸುವ ಕಡೆ ಬ್ಲೀಚ್ ತರಲೇಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮೊಸರಿನ ಭಾಗಕ್ಕೆ ತಣ್ಣೀರೇ ಸರಿ. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ನಾರಿಗೆ ಇನ್ನಷ್ಟು ಗಟ್ಟಿಯಾಗಿ ಅಂಟುತ್ತದೆ, ಕೊಬ್ಬು ಕರಗಿ ಕೆಳಕ್ಕೆ ಇಳಿಯುತ್ತದೆ. ಕಾರ್ಪೆಟ್ಟಿನ ಅಂಚನ್ನು ಬಾಗಿಲಿನ ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಿ ಮಡಚಿ, ಅಡಿಯ ಫೆಲ್ಟನ್ನು ಮೊದಲು ಬರಿಯ ತಣ್ಣೀರಿನಿಂದ ತೋಯಿಸಿ, ನೀರನ್ನೂ ಎಳೆಯಬಲ್ಲ ವೆಟ್ ವ್ಯಾಕ್ಯೂಮಿನಿಂದ ಹೀರಿದೆ. ತೊಟ್ಟಿಗೆ ಬಂದ ನೀರು ತೆಳುವಾದ ಮಜ್ಜಿಗೆಯ ಬಣ್ಣದ್ದಾಗಿತ್ತು. ನೀರು ತಿಳಿಯಾಗುವವರೆಗೂ ಹೀಗೆಯೇ ಮಾಡಿ, ಆಮೇಲೆ ನಾಯಿ, ಬೆಕ್ಕು ಸಾಕುವವರಿಗಾಗಿ ಮಾರುವ, ವಾಸನೆ ಬರಿಸುವ ಕೊಳೆಯನ್ನು ಒಡೆಯುವ ಎಂಜೈಮ್ ದ್ರಾವಣವನ್ನು ಮೊಸರು ಎಷ್ಟು ಆಳಕ್ಕೆ ಹೋಗಿತ್ತೋ ಅಷ್ಟೇ ಆಳಕ್ಕೆ ಇಳಿಯುವಂತೆ ಸುರಿದೆ. ಈ ದ್ರಾವಣ ಒದ್ದೆಯಾಗಿರುವಾಗ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ತಣ್ಣೀರು ಹಾಕಿ ಹೀರಿದೆ.

ಹಿಂದಿನ ಸೀಟಿನ ಬಟ್ಟೆಯಲ್ಲಿ ಇನ್ನೊಂದು ತೊಂದರೆ ಇತ್ತು. ಮಕ್ಕಳು ಅಲಿಬಾಗಿನ ಸಮುದ್ರದಲ್ಲಿ ಆಡಿ ಒದ್ದೆ ಬಟ್ಟೆಯಲ್ಲೇ ಅಲ್ಲಿ ಕುಳಿತು ಬಂದಿದ್ದರಿಂದ ಅದರಲ್ಲಿ ಉಪ್ಪು ಉಳಿದಿತ್ತು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದೊಡನೆ ಉಪ್ಪು ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ಬೆವರುವಂತೆ ಆ ಸೀಟೂ ಪ್ರತಿ ಜೂನ್‌ನಲ್ಲಿ ತಾನಾಗಿಯೇ ಒದ್ದೆಯಾಗುತ್ತಿತ್ತು. ಇದಕ್ಕೆ ಶಾಂಪೂವಿಗಿಂತ ಸಿಹಿನೀರೇ ಮದ್ದು. ಸ್ವಲ್ಪ ಸ್ವಲ್ಪ ನೀರು ಸಿಂಪಡಿಸಿ ಹೀರುವುದು, ಮತ್ತೆ ಸಿಂಪಡಿಸಿ ಹೀರುವುದು, ಇಷ್ಟೇ.

ಒಣಗಿಸುವಾಗ ಆತುರ ಪಡಲಿಲ್ಲ. ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿ ಸೀಟುಗಳನ್ನು ತಾರಸಿಗೆ ಒಯ್ದು ಬಿಸಿಲಿಗಿಟ್ಟೆ. ಕಾರಿನ ನಾಲ್ಕೂ ಬಾಗಿಲು ತೆರೆದು, ಮಡಚಿದ ಕಾರ್ಪೆಟ್ಟಿನ ಅಡಿಗೆ ಇಟ್ಟಿಗೆ ಕೊಟ್ಟು, ವಾಚ್‌ಮನ್ ಕೋಣೆಯಿಂದ ವಯರು ಎಳೆದು ಟೇಬಲ್ ಫ್ಯಾನನ್ನು ನೇರವಾಗಿ ಫೆಲ್ಟಿನ ಕಡೆ ತಿರುಗಿಸಿದೆ. ಮೇಲಿನ ಕಾರ್ಪೆಟ್ಟು ಸಂಜೆಯೊಳಗೆ ಒಣಗಿದಂತೆ ಕಾಣುತ್ತದೆ, ಆದರೆ ಫೆಲ್ಟ್ ಮರುದಿನವೂ ಹಸಿಯಾಗಿರುತ್ತದೆ. ದಿನಪತ್ರಿಕೆಯ ಹಾಳೆ ಒತ್ತಿ ತೆಗೆದಾಗ ಗರಿಗರಿಯಾಗಿಯೇ ಉಳಿಯುವವರೆಗೆ ನಾನು ಸೀಟು ಜೋಡಿಸುವುದಿಲ್ಲ. ಬೆಲ್ಟುಗಳನ್ನು ಪೂರ್ತಿ ಎಳೆದು ಕ್ಲಿಪ್ ಹಾಕಿ ಸೌಮ್ಯ ಸೋಪಿನ ನೀರಿನಿಂದ ತೊಳೆದ ಮೇಲೂ ಇದೇ ನಿಯಮ. ಒದ್ದೆ ಬೆಲ್ಟು ಒಳಗೆ ಸುತ್ತಿಕೊಂಡರೆ ಅಲ್ಲೇ ಬೂಷ್ಟು ಹಿಡಿಯುತ್ತದೆ.

ಉಳಿದದ್ದು ಸುಲಭ. ಮೇಲ್ಛಾವಣಿಯ ಬಟ್ಟೆ ಅಂಟಿನಿಂದ ನಿಂತಿರುವುದರಿಂದ ಅದನ್ನು ತೋಯಿಸದೆ, ಹಿಂಡಿದ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ಒತ್ತಿ ಶುಚಿಗೊಳಿಸಿದೆ. ಸ್ಟಿಯರಿಂಗಿನ ರೆಕ್ಸಿನ್ ಕವರಿಗೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿದ ಕ್ಲೀನರ್ ಸಾಕಾಯಿತು. ಚರ್ಮಕ್ಕೆಂದು ಮಾರುವ ದುಬಾರಿ ಕ್ರೀಮು ರೆಕ್ಸಿನ್ನಿನೊಳಗೆ ಇಳಿಯುವುದೇ ಇಲ್ಲ, ಅದಕ್ಕೆ ಹಣ ಸುರಿಯುವುದು ವ್ಯರ್ಥ. ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಪಾಲಿಶ್ ನಾನು ಹಚ್ಚುವುದಿಲ್ಲ, ಏಕೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿಗೆ ಹೊಡೆಯುತ್ತದೆ. ಪೆಡಲ್ಲಿಗಂತೂ ಅಂಥದ್ದು ತಾಗಲೇಬಾರದು, ಕಾಲು ಜಾರುತ್ತದೆ. ಗಾಜುಗಳನ್ನು ಕೊನೆಯಲ್ಲಿ ಒರೆಸಿದೆ.

ಗ್ಲೋವ್ ಬಾಕ್ಸಿನ ಹಿಂದಿದ್ದ ಎ.ಸಿ. ಫಿಲ್ಟರ್ ಬೂದಿಬಣ್ಣಕ್ಕೆ ತಿರುಗಿತ್ತು, ಅದನ್ನು ಊದಿ ಮತ್ತೆ ಹಾಕದೆ ಹೊಸದನ್ನೇ ಹಾಕಿದೆ. ಮನೆ ತಲುಪುವ ಕೆಲವು ನಿಮಿಷ ಮೊದಲು ಎ.ಸಿ. ಬಟನ್ ಆರಿಸಿ ಫ್ಯಾನನ್ನು ಮಾತ್ರ ಓಡಿಸಿದರೆ ಒಳಗಿನ ಕಾಯಿಲ್ ಒಣಗಿ, ಬೆಳಿಗ್ಗೆ ಕಾರು ಶುರುಮಾಡಿದಾಗ ಬರುವ ಹಸಿ ವಾಸನೆ ತಪ್ಪುತ್ತದೆ ಎಂದು ಭಾವನಿಗೆ ಹೇಳಿದೆ. ಮೊಸರಿನ ಕ್ಯಾನು ಇಡಲು ಡಿಕ್ಕಿಗೆ ಎತ್ತರದ ಅಂಚಿನ ಪ್ಲಾಸ್ಟಿಕ್ ಟ್ರೇ ಒಂದನ್ನು ಅಳತೆ ನೋಡಿ ತಂದುಕೊಟ್ಟೆ. ಕ್ಯಾನು ಮಗುಚಿದರೂ ಅದು ಟ್ರೇಯಲ್ಲೇ ಉಳಿಯುತ್ತದೆ, ಫೆಲ್ಟಿಗೆ ಹೋಗುವುದಿಲ್ಲ.